ಅಧ್ಯಕ್ಷರ ಸೆರಗಿನ ಕೀಲಿಕೈ

ಸಭೆ ಇದ್ದ ದಿನ ಅಲ್ಮಾಸಬಿ ನೀರು ಕುಡಿಯುತ್ತಿರಲಿಲ್ಲ.

ಹಿಂದಿನ ದಿನ ಉಂಡು ಕುಡಿದದ್ದೇ ಕೊನೆ. ಬೆಳಿಗ್ಗೆ ಚಹಾ ಇಲ್ಲ. ರೊಟ್ಟಿಯನ್ನು ಒಣ ಚಟ್ನಿಪುಡಿಯ ಜೊತೆ ನುಂಗಿ, ಗಂಟಲಲ್ಲಿ ಸಿಕ್ಕಿದ್ದನ್ನು ಉಗುಳಿನಿಂದಲೇ ಇಳಿಸಿ, ಹಿರೇವಡ್ಡಟ್ಟಿಯಲ್ಲಿ ಗದಗಿನ ಬಸ್ಸು ಹತ್ತುತ್ತಿದ್ದಳು. ಪಕ್ಕದಲ್ಲಿ ಕೂತವರು ನೀರಿನ ಬಾಟಲಿ ಚಾಚಿದರೆ ಕೈ ಅಡ್ಡ ಹಿಡಿಯುವಳು.

"ಬ್ಯಾಡವಾ, ರೋಜಾ ಹಿಡದೇನಿ."

"ರಮಜಾನ ಮುಗದು ಎಷ್ಟ ದಿನಾ ಆತಲ್ಲ ಚಾಚಿ, ಇದ್ಯಾವ ರೋಜಾ?"

"ಇದು ಸರಕಾರಿ ರೋಜಾ."

ಬಸ್ಸಿನವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗುವಾಗಲೂ ಹೊಟ್ಟೆಯ ಕೆಳಗೆ ಕೈ ಇಟ್ಟುಕೊಂಡಿರುತ್ತಿದ್ದಳು. ಅದು ರೂಢಿಯಾಗಿಬಿಟ್ಟಿತ್ತು.

ಅವಳು ಹೊಸ ಜಿಲ್ಲೆಯ ಪಂಚಾಯತಿಯ ಅಧ್ಯಕ್ಷೆ. ಜಿಲ್ಲೆ ಹೊಸದು. ಬೋರ್ಡು ಹೊಸದು. ಕಾರು ಹೊಸದು, ಕಾರಿನ ನೆತ್ತಿಯ ಮೇಲಿನ ಕೆಂಪು ದೀಪ ಹೊಸದು. ಆ ಖುರ್ಚಿಯಲ್ಲಿ ಒಬ್ಬ ಹೆಂಗಸು ಕೂತದ್ದಂತೂ ಹೊಸದರಲ್ಲಿ ಹೊಸದು. ಅದೂ ಗಾದಿ ತುಂಬುವ ಪಿಂಜಾರರ ಹೆಂಗಸು. ಮಂತ್ರಿಗಳ ಸರಿಸಮ ದರ್ಜೆ ಎಂದು ಪೇಪರಿನಲ್ಲಿ ಬಂದಿತ್ತು. ಮಂತ್ರಿಗಳ ಸರಿಸಮ ದರ್ಜೆಯವಳು ಬಸ್ಸಿನಲ್ಲಿ ಬರುತ್ತಿದ್ದಳು ಏಕೆಂದರೆ ಕಾರು ಯಾವಾಗಲೂ ಚನ್ನಬಸವಣ್ಣನವರ ಕಡೆ ಇರುತ್ತಿತ್ತು.

ಚನ್ನಬಸವಣ್ಣ ಬೆಟಗೇರಿಯ ಅಡತಿ ವ್ಯಾಪಾರಿ. ಕಾಳು, ಹತ್ತಿ, ಒಂದು ಬೇಳೆ ಮಿಲ್ಲು. ಪಂಚಾಯತಿಯ ಸದಸ್ಯರೂ ಹೌದು, ಪಕ್ಷದ ಹಿರಿಯರೂ ಹೌದು. ಅಧ್ಯಕ್ಷರ ಖುರ್ಚಿ ತಮಗೇ ಎಂದು ಜರಿ ಅಂಚಿನ ಹೊಸ ಧೋತರ ತರಿಸಿಟ್ಟುಕೊಂಡಿದ್ದರು. ಬೆಂಗಳೂರಿನಿಂದ ಮೀಸಲಾತಿ ಬಂತು. ಹಿಂದುಳಿದ ವರ್ಗ, ಮಹಿಳೆ. ಧೋತರ ಪೆಟ್ಟಿಗೆ ಸೇರಿತು. ಚನ್ನಬಸವಣ್ಣ ಎರಡು ದಿನ ಮನೆಯಿಂದ ಹೊರಬರಲಿಲ್ಲ. ಮೂರನೆಯ ದಿನ ಗೆದ್ದವರ ಪೈಕಿ ಬಾಯಿಲ್ಲದವರು ಯಾರೆಂದು ಹುಡುಕಿದರು. ಹಿರೇವಡ್ಡಟ್ಟಿ ಕ್ಷೇತ್ರದಿಂದ ಆರಿಸಿಬಂದಿದ್ದ ಅಲ್ಮಾಸಬಿ ನೆನಪಾದಳು. ಅವರ ಮನೆಯ ಗಾದಿಗಳನ್ನು ಬಿಚ್ಚಿ, ಹಿಂಜಿ, ಮತ್ತೆ ತುಂಬಿಕೊಡುತ್ತ ಬಂದವರು ಅಲ್ಮಾಸಬಿ ಮತ್ತು ಅವಳ ಗಂಡ ಮೌಲಾಸಾಬ. ಅಷ್ಟು ವರ್ಷ ಆ ಅಂಗಳದಲ್ಲಿ ಕೂತು ದುಡಿದವಳು ಒಂದು ದಿನವೂ ತಲೆಯೆತ್ತಿ ಮಾತಾಡಿದ್ದು ಅವರಿಗೆ ನೆನಪಿರಲಿಲ್ಲ.

"ಗಾದಿ ತುಂಬಾಕಿನ್ನ ಗಾದಿ ಮ್ಯಾಲೆ ಕುಂಡ್ರಸೇನಿ ನೋಡ್ರಿ," ಎಂದು ಹಾರ ಹಾಕಿದ ದಿನ ಸಭೆಯ ತುಂಬ ಕೂಗಿ ಹೇಳಿದರು. ಎಲ್ಲರೂ ನಕ್ಕರು. ಅಲ್ಮಾಸಬಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅದನ್ನು ನಾಚಿಕೆ ಎಂದುಕೊಂಡರು. ಅವಳು ಹಾಗೆ ಸೆರಗು ಎಳೆದುಕೊಳ್ಳುತ್ತಿದ್ದುದು ಹತ್ತಿಯ ದೂಳು ಏಳುವ ಮೊದಲು.

*

ಸ್ವಂತ ಕಟ್ಟಡ ಏಳುವ ತನಕ ಪಂಚಾಯತಿಗೆ ಒಂದು ಹಳೆಯ ಹತ್ತಿ ಗೋದಾಮನ್ನು ಬಾಡಿಗೆಗೆ ಹಿಡಿದಿದ್ದರು. ಸುಣ್ಣ ಬಳಿದು, ಪಂಖಾ ತೂಗುಬಿಟ್ಟು, ಅದನ್ನೇ ಸಭಾಭವನ ಎಂದರು. ಹೊರಗೆ ದೊಡ್ಡ ರಸ್ತೆ, ಗೇಟಿಗೆ ಒಂದು ಚಹಾದಂಗಡಿ, ರಸ್ತೆಯಾಚೆ ಜಾಲಿಕಂಟಿಯ ಬಯಲು, ಬಯಲಿನ ತುದಿಗೆ ರೈಲಿನ ಗೂಡ್ಸ್ ಶೆಡ್ಡು.

ಕಟ್ಟಡಕ್ಕೆಲ್ಲ ಶೌಚಾಲಯ ಒಂದೇ. ಅದರ ಬಾಗಿಲಿಗೆ ಮೀಸೆ ಹೊತ್ತ ಗಂಡಸಿನ ಮುಖ ಬರೆಸಿದ್ದರು. ಹೆಂಗಸಿನ ಮುಖ ಬರೆಯಲು ಇನ್ನೊಂದು ಬಾಗಿಲೇ ಇರಲಿಲ್ಲ. ಬೇಕಂತ ಬಿಟ್ಟದ್ದಲ್ಲ, ಹೊಳೆಯಲಿಲ್ಲ ಎಂದರು. ಹದಿನೆಂಟು ಸದಸ್ಯರಲ್ಲಿ ಏಳು ಜನ ಹೆಂಗಸರು ಎಂದು ಸರಕಾರಕ್ಕೆ ಗೊತ್ತಿತ್ತು. ಆ ಏಳು ಜನಕ್ಕೂ ಹೊಟ್ಟೆಯ ಕೆಳಗೆ ಒಂದು ಅಂಗ ಇದೆ ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಸಭೆ ಹನ್ನೊಂದಕ್ಕೆ ಶುರುವಾಗುವುದು. ಚಹಾ ಬರುವುದು. ಗಂಡಸರು ಕುಡಿಯುವರು, ಏಳುವರು, ಮೀಸೆಯ ಬಾಗಿಲಿಗೆ ಹೋಗುವರು, ಪಂಚೆ ಕೊಡವುತ್ತ ಬರುವರು. ಊಟ, ಮತ್ತೆ ಚಹಾ, ಮತ್ತೆ ಮೀಸೆಯ ಬಾಗಿಲು. ಹೆಂಗಸರು ಕೂತೇ ಇರುವರು. ತೊಡೆಗೆ ತೊಡೆ ಒತ್ತಿ, ಬೆನ್ನು ಸೆಟೆದು, ತುಟಿ ಕಚ್ಚಿ. ಅದನ್ನು ನೋಡಿದ ಪೇಪರಿನವನೊಬ್ಬ ‘ಮಹಿಳಾ ಸದಸ್ಯರ ಶಿಸ್ತು ಮಾದರಿ’ ಎಂದು ಬರೆದ.

ಮೂರು ಗಂಟೆ ದಾಟಿದ ಮೇಲೆ ಲಕ್ಕುಂಡಿಯ ಮಂಜವ್ವ ಅಲ್ಮಾಸಬಿಯ ಕಡೆ ನೋಡುವಳು. ಅಲ್ಮಾಸಬಿ ಉಳಿದವರ ಕಡೆ ನೋಡುವಳು. ಆ ನೋಟಕ್ಕೆ ಮಾತು ಬೇಕಿರಲಿಲ್ಲ. ಏಳೂ ಜನ ಎದ್ದು, ರಸ್ತೆ ದಾಟಿ, ಚಹಾದಂಗಡಿಯವರ ಕಣ್ಣೆದುರಿನಲ್ಲೇ ಜಾಲಿಕಂಟಿ ಹೊಕ್ಕು ಗೂಡ್ಸ್ ಶೆಡ್ಡಿನ ಹಿಂದಕ್ಕೆ ಹೋಗುವರು. ಒಬ್ಬಳು ಕಾವಲು, ಉಳಿದವರು ಕೂಡುವರು. ಕಾಲಿಗೆ ಮುಳ್ಳು. ರೈಲು ಬಂದರೆ ಅರ್ಧಕ್ಕೇ ಏಳಬೇಕು. ಮರಳಿ ಬರುವಷ್ಟರಲ್ಲಿ ಸಭೆ ಮುಗಿದಿರುತ್ತಿತ್ತು.

ಹೀಗೆ ಎರಡು ಸಭೆ ನಡೆದ ಮೇಲೆ ಚನ್ನಬಸವಣ್ಣನವರಿಗೆ ಒಂದು ವಿಷಯ ತಿಳಿಯಿತು. ಹೆಂಗಸರು ಒಪ್ಪದ ವಿಷಯ ಯಾವುದಿದ್ದರೂ ಮೂರು ಗಂಟೆಯ ನಂತರ ಎತ್ತಬೇಕು. ಅಲ್ಲಿಗೆ ಆಯಿತು. ಹೆಂಗಸರು ಗೂಡ್ಸ್ ಶೆಡ್ಡಿನ ಹಿಂದೆ ಕೂತಿರುವಾಗ ಉಪಾಧ್ಯಕ್ಷರು ಅಧ್ಯಕ್ಷತೆ ವಹಿಸಿ, ಕೈ ಎತ್ತಿಸಿ, ‘ಸರ್ವಾನುಮತದಿಂದ’ ಎಂದು ಬರೆಸುವರು. ಅಂಗನವಾಡಿಯ ಅಡುಗೆಕೋಣೆ ಹಾಗೆ ಹೋಯಿತು. ಹೆಣ್ಣುಮಕ್ಕಳ ಹಾಸ್ಟೆಲಿನ ಗೋಡೆ ಹಾಗೆ ಹೋಯಿತು. ಈಗ ಕರಿಯವ್ವನ ಟಾಕಿಯ ಪಾಳಿ.

ಕರಿಯವ್ವ ಶಿರಹಟ್ಟಿ ಕಡೆಯ ಹಳ್ಳಿಯೊಂದರ ಕೇರಿಯವಳು. ಅರವತ್ತು ದಾಟಿದ ಮುದುಕಿ. ಕಳೆ ತೆಗೆದು ತೆಗೆದು ಬೆನ್ನು ಬಾಗಿತ್ತು. ಅವಳ ಕೇರಿಗೆ ನಲ್ಲಿಯಿಲ್ಲ. ಹೆಂಗಸರು ಗೌಡರ ಹೊಲದ ಬಾವಿಯ ಹತ್ತಿರ ಕೊಡ ಸಾಲು ಹಚ್ಚಿ, ಆಳುಮಗ ಬಂದು ಎತ್ತಿ ಹಾಕುವ ತನಕ ಬಿಸಿಲಲ್ಲಿ ಕೂಡಬೇಕು. ಕರಿಯವ್ವ ಚುನಾವಣೆಗೆ ನಿಂತದ್ದೇ ಒಂದು ನೀರಿನ ಟಾಕಿಗಾಗಿ. ಟಾಕಿ ಮಂಜೂರೂ ಆಗಿತ್ತು. ಅದನ್ನು ಅಲ್ಲಿಂದ ಎತ್ತಿ ತಮ್ಮ ಬೇಳೆ ಮಿಲ್ಲಿನ ಪಕ್ಕದ ಹೊಸ ಪ್ಲಾಟುಗಳಿಗೆ ಹಾಕಿಸಬೇಕೆಂದು ಚನ್ನಬಸವಣ್ಣ ಮನಸ್ಸು ಮಾಡಿದ್ದರು. ಪ್ಲಾಟಿನಲ್ಲಿ ಇನ್ನೂ ಒಂದು ಮನೆಯೂ ಎದ್ದಿರಲಿಲ್ಲ. ನೀರಿದ್ದರೆ ಪ್ಲಾಟು ಮಾರುತ್ತವೆ.

*

ಮಾರ್ಚ್ ತಿಂಗಳ ಸಭೆ. ಮೂರು ಗಂಟೆ. ಮಂಜವ್ವ ನೋಡಿದಳು. ಹೆಂಗಸರು ಎದ್ದರು. ಕರಿಯವ್ವ ಏಳಲಿಲ್ಲ.

"ಬಾರ ಕರಿಯಕ್ಕ," ಎಂದಳು ಅಲ್ಮಾಸಬಿ ಬಾಗಿ, ಕಿವಿಯಲ್ಲಿ.

"ನಾ ಒಲ್ಲ್ಯಾ. ಎದ್ನೆಂದ್ರ ನನ್ನ ಟಾಕಿ ಹೋತು. ನೀವು ಹೋಗಿಬರ್ರಿ. ನಾ ಕುಂತಿರತೀನಿ."

ಹೆಂಗಸರೆಲ್ಲ ಮತ್ತೆ ಕೂತರು. ಚನ್ನಬಸವಣ್ಣನವರ ಹುಬ್ಬು ಏರಿತು. ಅವರು ಅಡತಿಯಲ್ಲಿ ಬೆಳೆದ ಮನುಷ್ಯ. ಯಾವ ಎತ್ತು ಎಷ್ಟು ಹೊತ್ತು ನಿಂತೀತೆಂದು ನೋಡಿದರೆ ತಿಳಿಯುತ್ತಿತ್ತು. ಎದ್ದು ನಿಂತು ಭಾಷಣ ಶುರುಮಾಡಿದರು. ನೀರಿನ ಮೇಲೆ. ತುಂಗಭದ್ರೆಯಿಂದ ತೊಡಗಿ, ಕೆರೆ, ಬಾವಿ, ಹಳ್ಳ, ಮಳೆ ಎಂದು ಒಂದೊಂದಾಗಿ ಹರಿಸಿದರು. ನಡುನಡುವೆ ತಾವೇ ಗ್ಲಾಸು ಎತ್ತಿ ಗಟಗಟ ಕುಡಿದರು. ಇನ್ನೊಂದು ಗ್ಲಾಸಿಗೆ ಮೇಲಿನಿಂದ ಸುರಿದರು. ನೀರಿನ ಸಪ್ಪಳ ಗೋದಾಮಿನ ತುಂಬ ಕೇಳುತ್ತಿತ್ತು. ಗಂಡಸರಿಗೆ ಆಟ ತಿಳಿದು ನಗು ಬರುತ್ತಿತ್ತು.

ಕರಿಯವ್ವ ಕಣ್ಣು ಮುಚ್ಚಿದಳು. ಖುರ್ಚಿಯ ಕೈ ಹಿಡಿದಳು. ಗಂಟಿನ ಬೆರಳು ಬಿಳಿಚಿಕೊಂಡವು.

ಅವಳಿಗೆ ಆಗಲಿಲ್ಲ.

ಮೊದಲು ಸಪ್ಪಳ ಬಂತು. ಆಮೇಲೆ ಖುರ್ಚಿಯ ಕೆಳಗೆ ನೆಲ ಒದ್ದೆಯಾಯಿತು. ಭಾಷಣ ನಿಂತಿತು. ಯಾರೋ ಕಿಸಕ್ಕೆಂದರು. ಯಾರೋ ಕರವಸ್ತ್ರ ಮೂಗಿಗೆ ಒತ್ತಿಕೊಂಡರು.

"ಕೇರಿ ಮಂದಿಗೆ ಖುರ್ಚಿ ಕೊಟ್ರ ಹಿಂಗ ಆಗತೈತಿ," ಎಂದರು ಚನ್ನಬಸವಣ್ಣ. "ಏ ಖಾಸಿಂಸಾಬ, ಅರಿವಿ ತಾರ. ನೀ ಯಾಕ ಒರಸ್ತಿ? ಆಕಿ ಕೈಯಾಗ ಕೊಡು. ಅವರಿಗೇನು ಹೊಸಾದಲ್ಲ ಹೊಲಸ ಬಳಿಯೂದು."

ಜವಾನ ಖಾಸಿಂಸಾಬ ಅರಿವೆ ಹಿಡಿದು ನಡುವೆ ನಿಂತ. ಅತ್ತಲೂ ಹೋಗಲಿಲ್ಲ, ಇತ್ತಲೂ ಹೋಗಲಿಲ್ಲ. ಕರಿಯವ್ವನೇ ಎದ್ದು ಅವನ ಕೈಯಿಂದ ಅರಿವೆ ತೆಗೆದುಕೊಂಡಳು. ಒದ್ದೆ ಸೀರೆಯಲ್ಲಿ ಬಾಗಿ ನೆಲ ಒರೆಸಿದಳು. ಜನರಿಂದ ಆರಿಸಿಬಂದ ಸದಸ್ಯೆ. ಅರವತ್ತು ದಾಟಿದ ಮುದುಕಿ. ಹನ್ನೊಂದು ಗಂಡಸರು ಕೂತು ನೋಡಿದರು.

"ಆ ಖುರ್ಚಿ ಮ್ಯಾಲಿನ ಗಾದಿ ಹೊರಗ ಒಗದು ಬೆಂಕಿ ಹಚ್ಚು. ಮುಂದಿನ ಸಲ ಈಕಿಗೆ ಒಂದು ಕಬ್ಬಣದ ಖುರ್ಚಿ ಬ್ಯಾರೆ ಹಾಕು. ಹಾಂ, ಈಗ ವಿಷಯಕ್ಕ ಬರೂಣು."

"ಸಭೆ ಮುಗೀತು."

ಯಾರು ಅಂದದ್ದೆಂದು ಎಲ್ಲರೂ ತಿರುಗಿ ನೋಡಿದರು. ಅಲ್ಮಾಸಬಿ ಎದ್ದು ನಿಂತಿದ್ದಳು. ಅಧ್ಯಕ್ಷೆಯಾದ ಮೇಲೆ ಯಾರೂ ಹೇಳಿಕೊಡದೆ ಅವಳು ಆಡಿದ ಮೊದಲ ಮಾತು ಅದು.

"ಏನಂದ್ರಿ ಅಲ್ಮಾಸವ್ವಾ?"

"ಸಭೆ ಮುಗೀತು ಅಂದ್ನಿರಿ, ಅಣ್ಣಾರ. ಅಧ್ಯಕ್ಷರು ಅಂದ್ರ ಮುಗೀತದ ಅಲ್ರಿ ಸಾಹೇಬ್ರ?"

ಪಕ್ಕದಲ್ಲಿ ಕೂತಿದ್ದ ಅಧಿಕಾರಿ ಸಾಹೇಬರು ಬೇರೆ ಸೀಮೆಯಿಂದ ಬಂದ ಹುಡುಗು ಮನುಷ್ಯ. ಕಡತದಿಂದ ಕಣ್ಣು ಎತ್ತದೆ, "ಹೌದು, ಮುಗಿಯುತ್ತದೆ," ಎಂದರು.

ಅಲ್ಮಾಸಬಿ ಕೆಳಗಿಳಿದು ಬಂದಳು. ಕರಿಯವ್ವನ ಕೈಯಿಂದ ಅರಿವೆ ಕಸಿದು ಮೂಲೆಗೆ ಎಸೆದಳು. ತಾನು ಹೊದ್ದಿದ್ದ ಶಾಲನ್ನು ಅವಳ ಸೊಂಟಕ್ಕೆ ಸುತ್ತಿದಳು. ಒದ್ದೆ ಗಾದಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಗೆ ನಡೆದಳು.

*

"ಅಧ್ಯಕ್ಷರು ಸರಕಾರದ ಗಾದಿ ಕದ್ದು ತಂದಾರಪಾ!" ಎಂದ ಮೌಲಾಸಾಬ ಅಂಗಳದಿಂದಲೇ. "ಕಾರು ಕೊಡಲಿಲ್ಲ ಅಂತ ಇದನ್ನ ಹೊತಗೊಂಡು ಬಂದೀ ಏನು?"

"ನಗಬ್ಯಾಡ್ರಿ. ಕತ್ರಿ ಕೊಡ್ರಿ."

ಅವಳು ಹೊಲಿಗೆ ಬಿಚ್ಚಿದಳು. ಒಳಗಿನಿಂದ ಬಂದದ್ದು ಹತ್ತಿಯಲ್ಲ. ಮಿಲ್ಲಿನ ಕಸ, ಹತ್ತಿಬೀಜ, ಸುತಳಿಯ ಚೂರು, ಒಂದು ಬೀಡಿ ಕಟ್ಟಿನ ಹಾಳೆ.

"ಯಾ ಅಲ್ಲಾ, ಇದರ ಮ್ಯಾಲೆ ಕುಂತು ಜಿಲ್ಲಾ ಆಳಾಕತ್ತೀರೇನು?" ಎಂದು ಮೌಲಾಸಾಬ ನಗುತ್ತ ನಗುತ್ತ ಹತ್ತಿರ ಬಂದ. ವಾಸನೆ ಬಡಿಯಿತು. ನಗು ನಿಂತಿತು. "ಏನಾತು?"

ಅವಳು ಹೇಳಿದಳು. ಹೇಳುತ್ತಲೇ ಗಾದಿಯ ಮೇಲಿನ ಖೋಳು ತೊಳೆದಳು. ಒಳಗಿನ ಕಸವನ್ನು ತಿಪ್ಪೆಗೆ ಚೆಲ್ಲಿ, ತನ್ನ ಮನೆಯ ಒಳ್ಳೆಯ ಹತ್ತಿ ತಂದು ಬಿಸಿಲಿಗೆ ಹರವಿದಳು. ಮೌಲಾಸಾಬ ಬಿಲ್ಲು ಇಳಿಸಿ ಹತ್ತಿ ಹಿಂಜತೊಡಗಿದ. ಊರಿಗೆ ಮಿಷನ್ನು ಬಂದಿದ್ದರೂ ಅವನು ಬಿಲ್ಲು ಬಿಟ್ಟಿರಲಿಲ್ಲ. ಟಂಯ್ ಟಂಯ್ ಎಂದು ಅದು ಮಾತಾಡುತ್ತಿತ್ತು. ಹತ್ತಿ ಹೊಗೆಯ ಹಾಗೆ ಎದ್ದು ಇಬ್ಬರ ತಲೆಯೂ ಬೆಳ್ಳಗಾಯಿತು.

ಪಿಂಜಾರರಲ್ಲಿ ಒಂದು ಕಟ್ಟು ಉಂಟು. ಮದುವೆಯಾಗಿ ಬಂದ ಸೊಸೆಗೆ ಅತ್ತೆ ದಬ್ಬಣ ಕೈಗೆ ಕೊಡುವ ಮೊದಲೇ ಅದನ್ನು ಹೇಳುವಳು. ಗಾದಿಯ ಒಳಗೆ ಕಂಡದ್ದು ಗಾದಿಯ ಒಳಗೇ ಇರಬೇಕು. ಯಾರ ಮನೆಯ ಗಾದಿಯಲ್ಲಿ ಯಾವ ಕಲೆ, ಯಾರಿಗೆ ಬಸಿರು ನಿಲ್ಲುವುದಿಲ್ಲ, ಯಾವ ಮುತ್ತ್ಯಾ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ, ಯಾವ ಸೊಸೆ ಅತ್ತು ಅತ್ತು ತಲೆದಿಂಬು ಕೊಳೆಸಿದ್ದಾಳೆ, ಎಲ್ಲವೂ ಬಿಚ್ಚಿದವರಿಗೆ ಗೊತ್ತು. ಬಾಯಿ ಬಿಟ್ಟರೆ ಕಸುಬು ಹೋಗುತ್ತದೆ. ಅಲ್ಮಾಸಬಿ ಈ ಕಟ್ಟನ್ನು ಒಮ್ಮೆಯೂ ಮುರಿದಿರಲಿಲ್ಲ. ಅವಳು ಬಾಯಿಲ್ಲದವಳೆಂದು ಚನ್ನಬಸವಣ್ಣ ತಿಳಿದದ್ದು ಇದರಿಂದಲೇ.

"ಅವರ ಮನಿಯಾಗ ದಿನಗಟ್ಲೆ ಗಾದಿ ತುಂಬತಿದ್ವಿ. ನೆನಪೈತಿ ಇಲ್ಲೋ?" ಎಂದ ಮೌಲಾಸಾಬ. "ನೀ ಹೊಟ್ಟೀಲೆ ಇದ್ದಿ. ಒಳಗಿನ ಸಂಡಾಸಕ್ಕ ಹೋಗಬ್ಯಾಡ, ದನದ ಕೊಟಗಿ ಹಿಂದ ಹೋಗು ಅಂದಿದ್ರು. ಮಳಿ ಬರಾಕತ್ತಿತ್ತು."

"ನೆನಪೈತ್ರಿ."

"ದೊಡ್ಡವರಿಗೆ ಯಾವತ್ತರ ಹೊರಗ ಹೋಗೂ ಪಾಳಿ ಬಂದ್ರ ತಿಳೀತಿತ್ತು ನೋಡು."

ಅಲ್ಮಾಸಬಿಯ ದಬ್ಬಣ ಅರ್ಧಕ್ಕೆ ನಿಂತಿತು. ಗಂಡನ ಮುಖ ನೋಡಿದಳು. ಮೆಲ್ಲಗೆ ನಗು ಬಂತು. ಆ ನಗು ಗಾದಿ ಹೊಲಿದು ಮುಗಿಸುವ ತನಕ ಮುಖದಿಂದ ಇಳಿಯಲಿಲ್ಲ.

"ಏನ ಮಾಡಾಕತ್ತಿ ಅಲ್ಮಾಸ, ನನಗ ಅಂಜಿಕಿ ಆಗತೈತಿ."

"ಪಾಳಿ ಹಚ್ಚತೀನ್ರಿ," ಎಂದಳು.

*

ಏಪ್ರಿಲ್ ಸಭೆಯ ದಿನ ಬೆಳಿಗ್ಗೆ ಅವಳು ಒಂದು ಚರಿಗೆ ನೀರು ಕುಡಿದಳು. ಚಹಾ ಕುಡಿದಳು. ಹೊಸ ಗಾದಿ ಕಂಕುಳಲ್ಲಿ ಇಟ್ಟುಕೊಂಡು ಮೊದಲ ಬಸ್ಸು ಹತ್ತಿದಳು. ಲಕ್ಕುಂಡಿಯಿಂದ ಮಂಜವ್ವ ಎರಡು ದೊಡ್ಡ ಕ್ಯಾನು ತುಂಬ ಮಜ್ಜಿಗೆ ತಂದಿದ್ದಳು. ಹಸಿಶುಂಠಿ, ಕೊತ್ತಂಬರಿ, ಜೀರಿಗೆ, ಉಪ್ಪು. ಬಿಸಿಲು ಆಗಲೇ ಉರಿಯುತ್ತಿತ್ತು.

"ಖಾಸಿಂಸಾಬ, ಆ ಮೀಸಿ ಬಾಗಲಾ ಐತೆಲ್ಲ, ಅದರ ಕೀಲಿಕೈ ತಾ."

"ಯಾಕ್ರಿ ಮೇಡಂ? ಕೆಟ್ಟೈತೇನ್ರಿ?"

"ಇವತ್ತಿನಿಂದ ಅದು ಹೆಂಗಸರದ್ದು."

ಖಾಸಿಂಸಾಬ ಬಾಯಿ ತೆರೆದ. "ನನ್ನ ನೌಕರಿ ಹೋಗತೈತ್ರಿ."

"ಅಧ್ಯಕ್ಷರು ಕಸಗೊಂಡ್ರು ಅನ್ನು. ಬೇಕಂದ್ರ ಒಂದ ಹೊಡತ ಹೊಡೀಲ್ಯಾ?"

"ಬ್ಯಾಡ್ರಿ ಬ್ಯಾಡ್ರಿ, ಕಸಗೊಂಡಂಗ ಆತು ತಗೋರಿ," ಎಂದು ಅವನು ಕೀಲಿಕೈ ಕೊಟ್ಟು, ಕೇಳದಿದ್ದರೂ ಒಂದು ಬಕೆಟು ನೀರು, ಫಿನಾಯಿಲು ತಂದಿಟ್ಟ. ಮಾರ್ಚಿನ ಸಭೆಯಲ್ಲಿ ಅರಿವೆ ಹಿಡಿದು ನಿಂತದ್ದು ಅವನ ಎದೆಯಲ್ಲೂ ಕುಕ್ಕುತ್ತಿತ್ತು.

ಕರಿಯವ್ವ ಬಾಗಿಲಿನ ಎದುರು ನಿಂತು ಆ ಮುಖವನ್ನು ನೋಡಿದಳು. ಸುಣ್ಣದಲ್ಲಿ ಬೆರಳು ಅದ್ದಿ ಮೀಸೆಯ ಮೇಲೆ ಎಳೆದಳು. ಮೀಸೆ ಹೋಯಿತು. ಎಲೆಯಡಿಕೆ ಜಗಿದ ಕೆಂಪಿನಿಂದ ಮೂಗಿಗೊಂದು ಮೂಗುತಿ ಇಟ್ಟಳು.

"ಈಗ ಬೇಷ್ ಕಾಣಸ್ತಾಳ ನೋಡು ಹೆಣಮಗಳು," ಎಂದಳು. ಏಳೂ ಜನ ಗೋಡೆ ಹಿಡಿದು ನಕ್ಕರು. ಎಷ್ಟು ನಕ್ಕರೆಂದರೆ ಇಬ್ಬರು ಆಗಲೇ ಒಳಗೆ ಹೋಗಬೇಕಾಯಿತು.

ಅಧ್ಯಕ್ಷರ ಎತ್ತರದ ಖುರ್ಚಿಯ ಗಾದಿಯನ್ನು ಅಲ್ಮಾಸಬಿ ತೆಗೆದು, ಚನ್ನಬಸವಣ್ಣ ಕರಿಯವ್ವನಿಗೆ ಬೇರೆಯಾಗಿ ಹಾಕಿಸಿದ್ದ ಕಬ್ಬಿಣದ ಖುರ್ಚಿಯ ಮೇಲೆ ಹಾಸಿದಳು. ಸುಡಬೇಕೆಂದಿದ್ದ ಗಾದಿಯನ್ನು ತನ್ನ ಖುರ್ಚಿಗೆ ಹಾಸಿ ಅದರ ಮೇಲೆ ತಾನು ಕೂತಳು.

ಸಭೆ ಶುರುವಾಯಿತು. ಮಜ್ಜಿಗೆ ಬಂತು. ಗಂಡಸರು ಎರಡೆರಡು ಗ್ಲಾಸು ಕುಡಿದರು. "ಲಕ್ಕುಂಡಿ ಮಜ್ಜಿಗಿ ಅಂದ್ರ ಲಕ್ಕುಂಡಿ ಮಜ್ಜಿಗಿನ," ಎಂದು ಚನ್ನಬಸವಣ್ಣ ಮೂರನೆಯದು ತರಿಸಿದರು. ಹೆಂಗಸರೂ ಕುಡಿದರು. ಆ ಸಭಾಭವನದಲ್ಲಿ ಹೆಂಗಸರ ಗಂಟಲಲ್ಲಿ ಏನಾದರೂ ಇಳಿದದ್ದು ಅದೇ ಮೊದಲು. ಆಮೇಲೆ ಒಬ್ಬೊಬ್ಬಳೇ ಎದ್ದು, ಅಲ್ಮಾಸಬಿಯ ಹತ್ತಿರ ಬಂದು ಕೀಲಿಕೈ ಇಸಿದುಕೊಂಡು, ಹೋಗಿ, ಬಂದು, ಮರಳಿ ಕೊಟ್ಟು ಕೂಡುವರು. ಅವಳು ಅದನ್ನು ಸೆರಗಿನ ಗಂಟಿಗೆ ಕಟ್ಟಿಕೊಳ್ಳುವಳು.

ಮೊದಲು ಎದ್ದದ್ದು ಉಪಾಧ್ಯಕ್ಷರು. ಹೋದರು. ಹೋದಷ್ಟೇ ಬೇಗ ಬಂದರು. ಚನ್ನಬಸವಣ್ಣನವರ ಕಿವಿಯಲ್ಲಿ ಏನೋ ಅಂದರು.

"ಏನಂತ? ಮೂಗುತಿ?" ಚನ್ನಬಸವಣ್ಣ ದನಿ ಎತ್ತಿದರು. "ಏ ಖಾಸಿಂಸಾಬ! ಕೀಲಿ ಯಾಕ ಹಾಕಿದಿ?"

"ಅಧ್ಯಕ್ಷರ ಕಡೆ ಐತ್ರಿ."

"ಅಲ್ಮಾಸವ್ವಾ, ಇದೇನ ಹುಡುಗಾಟಾ? ಕೀಲಿಕೈ ಕೊಡ್ರಿ."

"ಅದು ಹೆಂಗಸರದ್ದ್ರಿ, ಅಣ್ಣಾರ."

"ಹಂಗಾದ್ರ ನಾವೆಲ್ಲಿ ಹೋಗೂದು?"

"ನಾವು ಹೋಗತಿದ್ದಿವೆಲ್ರಿ, ಅಲ್ಲೇ. ರಸ್ತಾ ದಾಟಿ, ಜಾಲಿಕಂಟಿ ಹಾದು. ಗೂಡ್ಸ್ ಶೆಡ್ಡಿನ ಹಿಂದ ಜಾಗಾ ಬೇಷೈತಿ. ರೈಲು ಬಂದ್ರ ಅಷ್ಟ ಎದ್ದು ನಿಂದರಬೇಕ್ರಿ."

ಮಂಜವ್ವ ಸೆರಗು ಬಾಯಿಗೆ ತುರುಕಿಕೊಂಡಳು.

"ಸಾಹೇಬ್ರ, ಇದು ಯಾವ ನಿಯಮದಾಗ ಐತಿ?"

ಸಾಹೇಬರು ಕಡತ ತಿರುವಿದರು. "ನಿಯಮದಲ್ಲಿ ಇಲ್ಲ," ಎಂದರು. ಆಮೇಲೆ ತಡೆದು, "ಹೆಂಗಸರಿಗೆ ಇರಬಾರದು ಅಂತಲೂ ಇಲ್ಲ," ಎಂದರು.

ಹೊರಗಿನ ಗೋಡೆ ಇತ್ತು. ಆದರೆ ಹೋದ ತಿಂಗಳು ಮಂತ್ರಿಗಳು ಬಂದಾಗ ಚನ್ನಬಸವಣ್ಣನವರೇ ಮುಂದೆ ನಿಂತು ಅದರ ಮೇಲೆ ಆಳೆತ್ತರದ ಅಕ್ಷರದಲ್ಲಿ ‘ಇಲ್ಲಿ ಮೂತ್ರ ಮಾಡಿದವರಿಗೆ ದಂಡ’ ಎಂದು ಬರೆಸಿದ್ದರು. ಅದರ ಎದುರಿಗೇ ಚಹಾದಂಗಡಿ. ಅಂಗಡಿಯ ಬೆಂಚಿನ ಮೇಲೆ ಪೇಪರಿನವನು.

ಇಬ್ಬರು ಎದ್ದು ರಸ್ತೆ ದಾಟಿದರು. ಮತ್ತಿಬ್ಬರು ಎದ್ದರು. ಬಿಳಿಯ ಪಂಚೆಗಳು ಜಾಲಿಕಂಟಿಯಲ್ಲಿ ಸಿಕ್ಕುತ್ತ, ಬಿಡಿಸಿಕೊಳ್ಳುತ್ತ ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ಚನ್ನಬಸವಣ್ಣನವರಿಗೆ ಸಕ್ಕರೆ ಕಾಯಿಲೆ. ಮೂರು ಗ್ಲಾಸು ಮಜ್ಜಿಗೆ. ಆದರೂ ಅಲುಗದೆ ಕೂತರು. ಹಣೆಯಲ್ಲಿ ಬೆವರು ಕಟ್ಟಿತು.

ಮೂರು ಗಂಟೆಯಾಯಿತು. ರಸ್ತೆ ದಾಟಿದ ನಾಲ್ವರು ಇನ್ನೂ ಮರಳಿರಲಿಲ್ಲ.

"ಉಳದ ವಿಷಯ," ಎಂದಳು ಅಲ್ಮಾಸಬಿ. "ಕರಿಯವ್ವನ ಕೇರಿ ಟಾಕಿ."

"ಟಾಕಿ ಆಮ್ಯಾಲೆ! ಮೊದಲ ಕೀಲಿಕೈ ಕೊಡು!" ಬಹುವಚನ ಎಲ್ಲೋ ಬಿದ್ದುಹೋಯಿತು. "ಯಾರಿಗೆ ಎದರಾಡಾಕತ್ತಿ? ನನ್ನ ಅಂಗಳದಾಗ ಕುಂತು ಹತ್ತಿ ಬಡದಾಕಿ ನೀ. ನಾ ಎತ್ತಿ ಕುಂಡ್ರಸೇನಿ ಅಂತ ಕುಂತೀ. ಉಚ್ಚಿ ಹೊಯ್ಯೂ ಮುದುಕಿ ಕಟಗೊಂಡು ಜಿಲ್ಲಾ ಆಳತಾಳಂತ!"

ಕರಿಯವ್ವ ನೆಲ ನೋಡಿದಳು.

ಅಲ್ಮಾಸಬಿ ಖುರ್ಚಿಯಿಂದ ಏಳಲಿಲ್ಲ. ದನಿ ಎತ್ತಲಿಲ್ಲ. ಗಾದಿಯ ಅಳತೆ ಹೇಳುವ ದನಿಯಲ್ಲಿ ಹೇಳಿದಳು.

"ಖರೆ ಐತ್ರಿ ಅಣ್ಣಾರ. ನಿಮ್ಮ ಅಂಗಳದಾಗ ಹತ್ತಿ ಬಡದಾಕಿ ನಾನ. ನಿಮ್ಮ ಮನಿ ಗಾದಿ ಎಲ್ಲಾ ಬಿಚ್ಚಿದಾಕಿ ನಾನ. ನಿಮ್ಮ ಅಪ್ಪಾರದು. ನಿಮ್ಮ ಅವ್ವಾರದು." ತಡೆದಳು. "ನಿಮ್ಮದು."

ಚನ್ನಬಸವಣ್ಣ ಧೋತರದ ಚುಂಗನ್ನು ಮಡಿಲಿಗೆ ಎಳೆದುಕೊಂಡರು.

"ಗಾದಿ ಒಳಗಿಂದು ಹೊರಗ ಆಡಬಾರದು ಅಂತ ನಮ್ಮತ್ತಿ ಹೇಳ್ಯಾಳ್ರಿ. ಆಡಂಗಿಲ್ಲ ನಾ. ಮ್ಯಾಲೆ ಜರಿ ಅಂಚು ಇದ್ರೂ, ತ್ಯಾಪಿ ಇದ್ರೂ ಒಳಗಿನ ಕಲೆ ಒಂದ ನಮೂನಿ ಇರತಾವು, ಅಷ್ಟ. ಬಿಸಲಿಗೆ ಹಾಕಿದ್ರ ಹೋಗತಾವು. ಈಗ ನಾ ಕುಂತದ್ದು ಕರಿಯಕ್ಕನ ಗಾದಿ ಮ್ಯಾಲೆ. ಹತ್ತಿ ಭಾಳ ಛಲೋ ಐತಿ. ಕೀಲಿಕೈ ಕೊಡಂಗಿಲ್ಲ."

ಹಿಂದಿನ ಸಾಲಿನಲ್ಲಿ ಮುಂಡರಗಿಯ ಕಡೆಯ ಒಬ್ಬ ಸದಸ್ಯನಿಗೆ ತಡೆಯಲಾಗಲಿಲ್ಲ. ಅವನ ನಗು ಇಡೀ ಗೋದಾಮಿಗೆ ಹತ್ತಿತು.

ಚನ್ನಬಸವಣ್ಣ ಎದ್ದರು. ಕೋಪದಿಂದ ಎದ್ದರೋ ಮಜ್ಜಿಗೆ ಎಬ್ಬಿಸಿತೋ ಅವರಿಗೇ ಗೊತ್ತು. ಬಾಗಿಲ ತನಕ ಗತ್ತಿನಿಂದ ನಡೆದರು. ಬಾಗಿಲು ದಾಟಿದ ಮೇಲೆ ಓಡಿದರು. ಅವರ ಹಿಂದೆ ಇನ್ನಿಬ್ಬರು ಹೋದರು.

"ಟಾಕಿ ಕರಿಯವ್ವನ ಕೇರಿಗೇ ಆಗಬೇಕು ಅನ್ನವರು ಕೈ ಎತ್ರಿ," ಎಂದಳು ಅಲ್ಮಾಸಬಿ.

ಏಳು ಕೈ ಎದ್ದವು. ಬಳೆಯ ಸಪ್ಪಳವಾಯಿತು. ಮುಂಡರಗಿಯವನು ಇನ್ನೂ ಕಣ್ಣು ಒರೆಸಿಕೊಳ್ಳುತ್ತಲೇ ತನ್ನ ಕೈಯನ್ನೂ ಎತ್ತಿದ. ಉಳಿದ ಮೂವರು ಎತ್ತಲಿಲ್ಲ.

"ಬರಕೋರಿ ಸಾಹೇಬ್ರ."

ಸಾಹೇಬರು ಬರೆದರು. ಅಷ್ಟರಲ್ಲಿ ದೂರದಲ್ಲಿ ಗೂಡ್ಸ್ ರೈಲು ಉದ್ದನೆಯ ಸಿಳ್ಳು ಹಾಕಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಪಾಪ," ಎಂದಳು ಮಂಜವ್ವ. "ಅರ್ಧಕ್ಕ ಎದ್ದಿರಬೇಕು."

*

ಅಲ್ಮಾಸಬಿಯನ್ನು ಇಳಿಸಲು ಅವರಿಗೆ ಮಳೆಗಾಲ ಮುಗಿಯುವ ತನಕ ಬೇಕಾಯಿತು. ಅವಿಶ್ವಾಸ ತಂದರು. ಆಡಳಿತದ ಅನುಭವವಿಲ್ಲ, ಹಿರಿಯರಿಗೆ ಮರ್ಯಾದೆಯಿಲ್ಲ ಎಂದು ಕಾರಣ ಬರೆದರು. ಗಂಡಸರೆಲ್ಲ ಕೈ ಎತ್ತಿದರು. ನಗು ತಡೆಯದ ಆ ಮುಂಡರಗಿಯವನೂ ಈ ಸಲ ನಗದೆ ಎತ್ತಿದ. ಹೆಂಗಸರಲ್ಲಿ ಇಬ್ಬರು ಅಳುತ್ತ ಎತ್ತಿದರು. ಅವರ ಗಂಡಂದಿರು ಬಾಗಿಲಲ್ಲೇ ನಿಂತಿದ್ದರು. ಅಲ್ಮಾಸಬಿ ಯಾರನ್ನೂ ಬೈಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಕೀಲಿಕೈಯನ್ನು ಮಂಜವ್ವನ ಸೆರಗಿಗೆ ಕಟ್ಟಿ, ತನ್ನ ಗಾದಿ ಎತ್ತಿಕೊಂಡು ಬಸ್ಸಿಗೆ ಬಂದಳು. ಆ ದಿನವೂ ಕಾರು ಬೇರೆ ಕಡೆ ಇತ್ತು.

ಆದರೆ ಮೂಗುತಿಯ ಬಾಗಿಲಿಗೆ ಕೈ ಹಚ್ಚಲು ಯಾರಿಗೂ ಧೈರ್ಯವಾಗಲಿಲ್ಲ. ಗಂಡಸರು ತಮಗಾಗಿ ಹೊಸದೊಂದನ್ನು ಕಟ್ಟಿಸಿಕೊಂಡರು. ಒಂದೇ ವಾರದಲ್ಲಿ. ಅಷ್ಟು ಬೇಗ ಆ ಜಿಲ್ಲೆಯಲ್ಲಿ ಯಾವ ಕಾಮಗಾರಿಯೂ ಮುಗಿದಿರಲಿಲ್ಲ.

ಮುಂದಿನ ಬೇಸಿಗೆಗೆ ಕರಿಯವ್ವನ ಕೇರಿಯಲ್ಲಿ ಟಾಕಿ ನಿಂತಿತು. ಉದ್ಘಾಟನೆಗೆ ಚನ್ನಬಸವಣ್ಣನವರೇ ಬಂದು ರಿಬ್ಬನ್ನು ಕತ್ತರಿಸಿ, ನೀರಿನ ಮೇಲೆ ಭಾಷಣ ಮಾಡಿದರು. ಟಾಕಿಯ ಮೇಲೆ ಅವರ ಹೆಸರು. ಅಲ್ಮಾಸಬಿಗೆ ಕರೆಯೋಲೆ ಬರಲಿಲ್ಲ. ಕರಿಯವ್ವ ಮಾತ್ರ ಬಸ್ಸಿನ ಕಂಡಕ್ಟರನ ಕೈಯಲ್ಲಿ ಖಬರು ಕಳಿಸಿದ್ದಳು: ಬರದಿದ್ದರ ನಿನ್ನ ಶಾಲು ವಾಪಸ್ ಕೊಡಂಗಿಲ್ಲ.

ದೊಡ್ಡವರು ಹೋದ ಮೇಲೆ ಅಲ್ಮಾಸಬಿ ಕೇರಿಗೆ ಬಂದಳು. ನಲ್ಲಿಯ ಸುತ್ತ ಹುಡುಗಿಯರು ಕೊಡ ತುಂಬುತ್ತ, ಒಬ್ಬರ ಮೇಲೊಬ್ಬರು ನೀರು ಎರಚುತ್ತ ಕೇಕೆ ಹಾಕುತ್ತಿದ್ದರು. 

"ಟಾಕಿ ಮ್ಯಾಲೆ ನಿನ್ನ ಹೆಸರ ಹಾಕಲಿಲ್ಲ ಅವರು," ಎಂದಳು ಕರಿಯವ್ವ.

"ಹೆಸರ ಕುಡಿಯಾಕ ಬರತೈತೇನ ಕರಿಯಕ್ಕ? ನೀರ ಕೊಡು."

ಕರಿಯವ್ವ ಚರಿಗೆ ತೊಳೆದು ತುಂಬಿಕೊಟ್ಟಳು. ಅಲ್ಮಾಸಬಿ ಎತ್ತಿ ಕುಡಿದಳು. ಕುತ್ತಿಗೆ ಒದ್ದೆಯಾಯಿತು, ಕುಪ್ಪಸ ಒದ್ದೆಯಾಯಿತು. ಚರಿಗೆ ಮತ್ತೆ ಮುಂದೆ ಚಾಚಿದಳು. ಅದನ್ನೂ ಮುಗಿಸಿ ಮತ್ತೆ ಚಾಚಿದಳು.

"ಸಾಕ ಮಾಡ ನಮ್ಮವ್ವಾ," ಎಂದಳು ಕರಿಯವ್ವ ಗಾಬರಿಯಿಂದ. "ಹಿರೇವಡ್ಡಟ್ಟಿ ಮಟಾ ಬಸ್ಸಿನಾಗ ಕುಂತ ಹೋಗೂದೈತಿ. ನಡುವ ತ್ರಾಸ ಆಗತೈತಿ."

"ಆಗಲಿ ಬಿಡು," ಎಂದಳು ಅಲ್ಮಾಸಬಿ, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ. "ಬಸ್ಸ ನಿಂದರಸ್ತೀನಿ."